ನಾನು ತಂದು ಹಾಕಿದ ಕಸ

ಶಿಗ್ಲಿಯ ಹತ್ತಿರದ ಆ ಆರೆಕರೆ ಹೊಲಕ್ಕೆ ಪಾರ್ಥೇನಿಯಂ ಕಸವನ್ನು ತಂದವನು ನಾನು. ಗಾಳಿ ತರಲಿಲ್ಲ, ಹಕ್ಕಿ ತರಲಿಲ್ಲ. ಎಂಟು ಚಕ್ಕಡಿ ಗೊಬ್ಬರದಲ್ಲಿ, ಚಕ್ಕಡಿಗಳ ಮುಂದೆ ಸೈಕಲ್ ತುಳಿಯುತ್ತ, ನಾನೇ ದಾರಿ ತೋರಿಸಿಕೊಂಡು ಹೋದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ನನ್ನನ್ನು ರೈತರಿಗೆ ಒಳ್ಳೆಯದು ಮಾಡಿದವನೆಂದು ತಿಳಿದಾರು, ಆಮೇಲೆ ಆ ತಿಳಿವಳಿಕೆಯನ್ನು ಹೇಗೆ ಉಳಿಸಿಕೊಳ್ಳುವುದು ಎಂಬ ಚಿಂತೆ ನನಗೆ ಹತ್ತುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಲಕ್ಷ್ಮೇಶ್ವರದ ಸುತ್ತಲಿನ ಹಳ್ಳಿಗಳಿಗೆ ಕೃಷಿ ಸಹಾಯಕನಾದೆ. ಮನೆ ಬೆಟಗೇರಿಯಲ್ಲಿ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಶನಿವಾರ ಸಂಜೆ ವಾಪಸು. ನಮ್ಮ ಮನೆತನದಲ್ಲಿ ಗುಡಿಯ ಪೂಜೆ, ಶಾಲೆಯ ಪಾಠ ಬಿಟ್ಟು ಬೇರೆ ಕೆಲಸ ಮಾಡಿದವರಿಲ್ಲ. ಮಣ್ಣಿಗೆ ಕೈ ಹಾಕಿದ ಮೊದಲಿಗ ನಾನು, ಅದೂ ಹೆಚ್ಚಾಗಿ ಕಾಗದದ ಮೇಲೆ. ಬಸ್ಸು ಗದಗ ದಾಟುತ್ತಿದ್ದಂತೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಮನೆಯಲ್ಲಿ ತಂದೆ, ತಾಯಿ, ಹೆಂಡತಿ ಮೂವರೂ ಇದ್ದಾರೆ, ಬೀಗ ಹಾಕುವ ಪ್ರಶ್ನೆಯೇ ಇಲ್ಲ ಎಂಬುದು ಅರ್ಧ ದಾರಿ ಸವೆದ ಮೇಲೆ ನೆನಪಾಗುತ್ತಿತ್ತು. ಅಂಥವನ ಕೈಗೆ ಸರಕಾರ ಒಂದು ಕಸವನ್ನು ಒಪ್ಪಿಸಿತು: ಇದನ್ನು ನಿರ್ಮೂಲ ಮಾಡು.

ಆ ಕಸಕ್ಕೆ ಜನ ಇಟ್ಟ ಹೆಸರು ಬೇರೆ. ಬಿಳಿ ಟೊಪ್ಪಿಗೆಯಂಥ ಹೂ ನೋಡಿ ಆಗ ಆಳುತ್ತಿದ್ದ ಪಕ್ಷದ ಹೆಸರಿಟ್ಟಿದ್ದರು. ಆಗ ತುರ್ತು ಪರಿಸ್ಥಿತಿ. ಸರಕಾರಿ ನೌಕರನೊಬ್ಬ ಊರ ಚಾವಡಿಯಲ್ಲಿ ನಿಂತು ಆ ಹೆಸರು ಹಿಡಿದು, ಇದನ್ನು ಬೇರುಸಹಿತ ಕಿತ್ತೊಗೆಯಬೇಕು ಎಂದು ಭಾಷಣ ಮಾಡಿದರೆ ಏನಾದೀತು? ಈ ವಿಚಾರದಲ್ಲಿ ನನಗೆ ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಸುತ್ತೋಲೆಯಲ್ಲಿದ್ದ ಹೆಸರನ್ನೇ ಬಾಯಿಪಾಠ ಮಾಡಿಕೊಂಡು ಹೋದೆ. ಮೊದಲ ಸಭೆಯಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು:

“ಏನಂದ್ರಿ ಅದರ ಹೆಸರು?”

“ಪಾರ್ಥೇನಿಯಂ.”

“ಅದು ಬೆಂಗಳೂರಿನ ಹೆಸರಾತು. ನಮ್ಮ ಕಡಿ ಏನಂತಾರ ಅದನ್ನ ಹೇಳ್ರಿ.”

“ಬಿಳಿ ಹೂವಿನ ಕಸ ಅಂತಾರ.”

“ಹಂಗಲ್ರಿ ರಾಯರ. ಖರೆ ಹೆಸರು ಹೇಳ್ರಿ. ಇಲ್ಲೇನ ಪೊಲೀಸರಿಲ್ಲ.”

ಚಾವಡಿ ಗೊಳ್ಳೆಂದು ನಕ್ಕಿತು. ನಾನು ನೀರು ಕುಡಿದೆ. ಹಾಗೆ ಕೇಳಿದವರೇ ಆ ಆರೆಕರೆ ಹೊಲದ ಯಜಮಾನರು. ತಲೆತಲಾಂತರದಿಂದ ಒಕ್ಕಲುತನ ಮಾಡಿಕೊಂಡು ಬಂದ ಮುಸಲ್ಮಾನ ಮನೆತನದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಊರೆಲ್ಲ ಅವರನ್ನು ಚಾಚಾ ಅನ್ನುತ್ತಿತ್ತು, ನಾನೂ ಅಂದೆ. ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳನ್ನು ಬೆಟಗೇರಿಯ ನೇಕಾರರ ಮನೆಗೆ ಕೊಟ್ಟಿದ್ದರು.

ಅವರ ಹೊಲವನ್ನು ನೋಡಬೇಕಿತ್ತು. ಶೇಂಗಾ ಸಾಲುಗಳ ನಡುವೆ ಒಂದು ಹುಲ್ಲಿನ ಎಸಳು ಕಾಣುತ್ತಿರಲಿಲ್ಲ. ದಿನಾ ಬೆಳಗಾಗುತ್ತಲೇ ಹೊಲದ ನಾಲ್ಕೂ ಬದು ತಿರುಗಿ, ಕಂಡ ಕಸ ಕಿತ್ತು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಊರ ಹಾದಿಯಲ್ಲಿ ಬಿಸಿಲಿಗೆ ಒಣಹಾಕಿ ಸುಡುತ್ತಿದ್ದರು. ಯಾರೇ ಬರಲಿ, ಬದುವಿನ ಕಲ್ಲಿಗೆ ಚಪ್ಪಲಿ ಬಡಿದು ಒಳಗೆ ಬರಬೇಕು. ಅಂಗಾಲಿನ ಕೆಸರಿನಲ್ಲಿ ಬೀಜ ಬರುತ್ತದಂತೆ. “ಇಷ್ಟ ವರ್ಷದಾಗ ನನ್ನ ಮಾರಿ ನೋಡಿದ್ದು ಕಡಿಮಿ, ಹೊಲದ ಮಾರಿ ನೋಡಿದ್ದ ಹೆಚ್ಚು” ಎಂದು ಅವರ ಹೆಂಡತಿ, ಅಂದರೆ ನಮಗೆಲ್ಲ ಚಾಚಿ, ನನ್ನ ಮುಂದೆಯೇ ಚುಚ್ಚುತ್ತಿದ್ದರು. “ಹೊಲ ತಿರುಗಿ ಮಾತಾಡೂದಿಲ್ಲಲ್ಲ” ಎಂದು ಚಾಚಾ ಅಂದರೆ, ಚಾಚಿ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ನನಗಂತೂ ಆ ಹೊಲ ಎಂದರೆ ಜೀವ. ನನ್ನ ಹಾಗೆ ಸಣ್ಣಸಣ್ಣದಕ್ಕೆಲ್ಲ ಚಿಂತೆ ಮಾಡುವ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲೆ ಇದ್ದಾನೆ, ಅವನ ಚಿಂತೆಗೆ ಫಲವೂ ಬರುತ್ತದೆ ಎಂಬುದು ದೊಡ್ಡ ಸಮಾಧಾನವಾಗಿತ್ತು.

ಸುತ್ತೋಲೆ ಹೇಳಿದ್ದಿಷ್ಟು: ಕಸವನ್ನು ಹೂ ಬಿಡುವ ಮೊದಲು ಕಿತ್ತು, ತಿಪ್ಪೆ ಗುಂಡಿಗೆ ಹಾಕಿ ಗೊಬ್ಬರ ಮಾಡಿಸಬೇಕು. ಹೂ ಬಿಡುವ ಮೊದಲು ನಮ್ಮ ಕಡೆ ಯಾರ ಕೈಗೂ ಪುರುಸೊತ್ತಿರುವುದಿಲ್ಲ. ಬಿತ್ತಿಗೆ, ಎಡೆ ಹೊಡೆಯುವುದು, ಹೊಲದೊಳಗಿನ ಕಸ ತೆಗೆಯುವುದು. ಊರ ಸುತ್ತಲಿನ ಕಸಕ್ಕೆ ಕೈ ಹಾಕಲು ಬಿಡುವಾಗುವುದು ಪಂಚಮಿ ಹಬ್ಬ ಮುಗಿದ ಮೇಲೆ. ಅಷ್ಟರಲ್ಲಿ ಅದು ಹಾದಿಯ ಎರಡೂ ಮಗ್ಗುಲಿಗೆ ಬೆಳ್ಳಗೆ ಹೂ ಬಿಟ್ಟು ನಿಂತಿರುತ್ತಿತ್ತು. ನನಗೆ ತಿಂಗಳ ವರದಿ ಕಳಿಸುವ ಅವಸರ. ಹೂ ಬಿಟ್ಟ ಕಸವನ್ನೇ ಕೀಳಿಸಿದೆ. ಯಾರ ತಿಪ್ಪೆ ಗುಂಡಿ ಮೊದಲು ತುಂಬುತ್ತದೋ ಅವರಿಗೆ ಹೊಸ ಸಲಿಕೆ ಎಂದು ಸ್ಪರ್ಧೆ ಬೇರೆ ಇಟ್ಟೆ. ಇಡೀ ಓಣಿ ಹುರುಪಿನಿಂದ ಕಿತ್ತು ತಂದು ತುಂಬಿತು. ಹೂವಿನ ತಲೆಯಲ್ಲಿ ಬೀಜ ಕೂತಿರುತ್ತದೆ, ನಮ್ಮ ಆಳವಿಲ್ಲದ ತಿಪ್ಪೆಯ ಕಾವಿಗೆ ಆ ಬೀಜ ಸಾಯುವುದಿಲ್ಲ ಎಂಬುದು ಗೊತ್ತಿರಬೇಕಾದ ಮನುಷ್ಯ ಊರಲ್ಲಿ ಒಬ್ಬನೇ ಇದ್ದ. ಅವನು ಟೇಪು ಹಿಡಿದು ಗುಂಡಿಯ ಆಳ ಅಳೆಯುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಆ ಬಹುಮಾನದ ಗೊಬ್ಬರ ಎಲ್ಲಿಗೆ ಹೋಗಬೇಕು? ಚಾಚಾನಲ್ಲಿದ್ದುದು ಒಂದೇ ಜೋಡಿ ಎತ್ತು, ಗೊಬ್ಬರ ಸಾಲುತ್ತಿರಲಿಲ್ಲ. ಅವರ ಹೊಲವನ್ನು ಮಾದರಿ ಹೊಲ ಎಂದು ಬರೆಸಿ, ಎಂಟು ಚಕ್ಕಡಿ ಹೇರಿಸಿಕೊಂಡು ಹೋದೆ.

“ರಾಯರ, ಇದರಾಗ ಏನೇನ ಐತಿ?” ಚಾಚಾ ಒಂದು ಹಿಡಿ ತೆಗೆದುಕೊಂಡು ಮೂಸಿ ನೋಡಿದರು.

“ಬಂಗಾರ ಐತಿ ಚಾಚಾ.”

“ಬಂಗಾರ ಆದ್ರ ನೀವ ಒಯ್ದು ಹೆಂಡತಿಗೆ ಕೊಡವಲ್ಲಿರ್ಯಾಕ?”

ನಕ್ಕರು, ಹರವಿದರು. ಚಪ್ಪಲಿಯ ಕೆಸರಿಗೆ ಅಂಜುತ್ತಿದ್ದ ಮನುಷ್ಯ ನನ್ನ ಮಾತು ನಂಬಿ ಎಂಟು ಚಕ್ಕಡಿಯನ್ನು ಒಳಗೆ ಬಿಟ್ಟುಕೊಂಡರು.

ಮೊದಲ ಮಳೆಗೆ ಕ್ಯಾರೆಟ್ ಎಲೆಯಂಥ ಎಳೆಎಳೆ ಹಸಿರು ಸಸಿಗಳೆದ್ದವು. ಆಗಿನ್ನೂ ಆ ಕಸ ಹಾದಿಬದಿಯಲ್ಲಿತ್ತೇ ಹೊರತು ಹೊಲದೊಳಗೆ ಯಾರೂ ಅದರ ಸಸಿ ಕಂಡವರಲ್ಲ. ಚಾಚಿ ನೋಡಿ, “ರಾಯರು ಗೊಬ್ಬರದಾಗ ಗಜ್ಜರಿ ಬೀಜ ಕಲಿಸ್ಯಾರೇನ?” ಎಂದು ಕೇಳಿದರಂತೆ. ವಾರ ಕಳೆದ ಮೇಲೆ ಯಾರೂ ಕೇಳಲಿಲ್ಲ. ಚಾಚಾ ಬರಿಗೈಯಿಂದ ಕಿತ್ತರು. ಕಿತ್ತಲ್ಲಿ ಮತ್ತೆ ಹುಟ್ಟಿತು. ಆ ವರ್ಷ ಕಿತ್ತರು, ಮುಂದಿನ ವರ್ಷವೂ ಕಿತ್ತರು, ಟವೆಲ್ಲಿನ ಬದಲು ಗೋಣಿಚೀಲ ಹಿಡಿದರು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ.

ಮೂರನೆಯ ವರ್ಷ ಅವರ ಕಣ್ಣರೆಪ್ಪೆಗಳು ಬಾತವು. ಕುತ್ತಿಗೆ, ಮೊಣಕೈಯ ಮಡಿಕೆ, ಕಿವಿಯ ಹಿಂದೆ ಕೆರೆತ. ಕೆರೆದು ಕೆರೆದು ಚರ್ಮ ಕರ್ರಗಾಗಿ, ದಪ್ಪಗಾಗಿ, ನೀರೊಸರಲು ಶುರುವಾಯಿತು. ಬೇಸಿಗೆಯಲ್ಲಿ ಕಡಿಮೆಯಾಗುತ್ತಿತ್ತು, ಕಸ ಹೂ ಬಿಟ್ಟಾಗ ಮತ್ತೆ ಏಳುತ್ತಿತ್ತು. ನಾನೇ ಗದುಗಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಎರಡು ನಿಮಿಷ ನೋಡಿ ಹೇಳಿದರು: “ಆ ಗಿಡದ ಹೂವಿನ ಪುಡಿ ಗಾಳಿಯೊಳಗ ಬರ್ತದ. ಮುಲಾಮು ಕೊಡ್ತೀನಿ. ಮುಲಾಮು ಹಚ್ಕೊಂಡು ಮತ್ತ ಅದರಾಗ ಹೋಗಿ ನಿಂತ್ರ ನಾ ಏನ ಮಾಡ್ಲಿ? ಆ ಗಿಡ ಇಲ್ಲದ ಕಡೆ ಹೋಗಿ ಇರ್ರಿ.”

ದವಾಖಾನೆಯ ಹೊರಗೆ ಚಹಾ ಕುಡಿಯುವಾಗ ಚಾಚಾ ಅಂದರು: “ಮೈ ಕರೀದಾಗ್ಲಿ, ಸುಲೀಲಿ. ಈ ವಯಸ್ಸಿನಾಗ ನನ್ನ ನೋಡಾಕ ಯಾರೂ ಬರೂದಿಲ್ಲ. ನನ್ನ ಹೊಲದಾಗ ನಾ ನಿಂದ್ರಾಕ ಬರಬೇಕ್ರಿ ರಾಯರ. ಅಷ್ಟ.”

ಅಷ್ಟನ್ನು ಮಾಡಿಕೊಡುವುದು ನನ್ನ ಕೈಯಲ್ಲಿದೆ ಎಂದು ನಂಬಿದೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ನನ್ನ ಕಣ್ಣರೆಪ್ಪೆಯನ್ನೂ ಪರೀಕ್ಷಿಸಿಕೊಳ್ಳುತ್ತಿದ್ದೆ. ಸೊಳ್ಳೆ ಕಡಿದರೂ ಬಂತೆಂದು ಹೆದರುತ್ತಿದ್ದೆ. “ನಿಮಗ ಕಸ ಹತ್ತಿಲ್ಲ, ಚಿಂತಿ ಹತ್ಯದ. ಅದಕ್ಕ ಮುಲಾಮಿಲ್ಲ” ಎಂದು ಹೆಂಡತಿ ಬಟ್ಟೆ ಒಗೆಯಲು ಹೋಗುತ್ತಿದ್ದಳು.

ಮೊದಲು ಉಪ್ಪುನೀರು. ಉಪ್ಪು ಕಲಸಿದ ನೀರು ಸಿಂಪಡಿಸಿದರೆ ಕಸ ಸುಟ್ಟುಹೋಗುತ್ತದೆ ಎಂದು ಮೇಲಿನಿಂದ ಹೇಳಿ ಕಳಿಸಿದ್ದರು. ಕಚೇರಿಯ ಪಂಪು ಬೆನ್ನಿಗೆ ಕಟ್ಟಿಕೊಂಡು ಬದುವಿನಗುಂಟ ಹೊಡೆದೆ. ಕಸ ಬಾಡಿತು. ನಾನು ವರದಿ ಬರೆದೆ. ಸಂಜೆಯ ಹೊತ್ತಿಗೆ ಊರಿನ ಎಮ್ಮೆ ಆಡುಗಳೆಲ್ಲ ಉಪ್ಪು ನೆಕ್ಕಲು ಬಂದು ಬದುವಿನ ಮೇಲೆ ಸಂತೆ ಕೂಡಿದವು. ಬದು ತುಳಿದು ಕೆಡವಿ, ಎರಡು ಸಾಲು ಶೇಂಗಾವನ್ನೂ ತಿಂದು ಹೋದವು. ಹದಿನೈದು ದಿನಕ್ಕೆ ಕಸ ಬುಡದಿಂದ ಚಿಗುರಿತು. ಚಾಚಿ ಅಂದರು, “ರಾಯರ, ಮುಂದಿನ ಸಲ ಖಾರಾನೂ ಹಾಕ್ರಿ. ಚಟ್ನಿನ ಆಗ್ತೈತಿ.”

ಆಮೇಲೆ ಡಾಕ್ಟರ ಮಾತು ಹಿಡಿದುಕೊಂಡೆ. ಆ ಗಿಡ ಇಲ್ಲದ ಊರು ಎಲ್ಲೋ ಇರಲೇಬೇಕು. ಹೂವಿನ ಕಾಲ ಮುಗಿಯುವವರೆಗೆ ಚಾಚಾ ಅಲ್ಲಿದ್ದು, ಮೈ ಮಾಯ್ದ ಮೇಲೆ ಬಂದರೆ ಹಿಂಗಾರಿ ಜೋಳವನ್ನಾದರೂ ತಾವೇ ನಿಂತು ನೋಡಿಕೊಳ್ಳಬಹುದು. ನನ್ನ ಡೈರಿಯಲ್ಲಿ ಕಸವಿಲ್ಲದ ಊರುಗಳ ಪಟ್ಟಿ ಶುರುಮಾಡಿದೆ. ಸರಕಾರಿ ಕೆಲಸಕ್ಕೆ ಹೋದಲ್ಲೆಲ್ಲ ಇಳಿದು ಮೊದಲು ತಿಪ್ಪೆ ನೋಡುತ್ತಿದ್ದೆ, ಆಮೇಲೆ ಚಾವಡಿ. ಪಟ್ಟಿ ಬೆಳೆಯಲಿಲ್ಲ. ಗದುಗಿನ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ ಎದೆಯುದ್ದ ನಿಂತಿತ್ತು. ಬೆಟಗೇರಿಯಲ್ಲಿ ಕೆರೆಯ ನೀರೊಳಗೆ ಒಂದು ಜಾತಿಯ ಕಸ, ದಂಡೆಯ ಮೇಲೆ ಇದು.

ಶಿರಹಟ್ಟಿಯ ಕಡೆ ಗುಡ್ಡದ ಬುಡದಲ್ಲಿ ಒಂದು ಸಣ್ಣ ಊರು ಸಿಕ್ಕಿತು. ಚಾಚಿಯ ಅಕ್ಕನ ಮನೆಯೂ ಅಲ್ಲಿಯೇ. ಇಡೀ ದಿನ ತಿರುಗಿದೆ, ಒಂದು ಗಿಡ ಕಾಣಲಿಲ್ಲ. ಮುಂದಿನ ಶ್ರಾವಣದಲ್ಲಿ ಚಾಚಾನನ್ನು ಕಳಿಸಿದೆ. ಎರಡು ತಿಂಗಳಲ್ಲಿ ಕಣ್ಣು ಇಳಿದವು, ಕುತ್ತಿಗೆಯ ಚರ್ಮ ಮೆತ್ತಗಾಯಿತು. ನಾನು ನೋಡಲು ಹೋದಾಗ, “ರಾಯರ, ಇಲ್ಲಿ ಗಾಳಿ ಸಿಹಿ ಐತಿ” ಅಂದರು. ಅದರ ಮುಂದಿನ ಬೇಸಿಗೆಯಲ್ಲಿ ಆ ಊರಿಗೆ ಹೊಸ ರಸ್ತೆ ಮಾಡಿದರು. ಎಲ್ಲಿಂದಲೋ ಲಾರಿಗಳಲ್ಲಿ ಗರಸು ಮಣ್ಣು ತಂದು ಸುರುವಿದರು. ಮಳೆಯಾದ ಮೇಲೆ ಹೋಗಿ ನೋಡಿದರೆ, ರಸ್ತೆಯ ಎರಡೂ ಕಡೆ ಹೊಲಿದ ಅಂಚಿನ ಹಾಗೆ ಹಸಿರು ಗೆರೆ. ಊರಿನವರಿಗೆ ರಸ್ತೆಯ ಸಂಭ್ರಮ. ನನಗೆ ಯಾರ ಮುಂದೆ ಅಳುವುದೋ ತಿಳಿಯಲಿಲ್ಲ. ಬಸ್ಸಿನಲ್ಲಿ ಡೈರಿ ತೆಗೆದು ಆ ಊರಿನ ಹೆಸರಿನ ಮೇಲೆ ಗೀಟು ಹಾಕಿದೆ.

ಉಳಿದದ್ದು ಮುಂಡರಗಿಯ ಕಡೆಯ ಹೊಳೆ. ಚಾಚಿಯ ತಮ್ಮ ಹೊಳೆದಂಡೆಯ ಊರಿನಲ್ಲಿದ್ದ. ನೀರು ಇಳಿದ ಕಾಲದಲ್ಲಿ ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ಕಲ್ಲಂಗಡಿ, ಸೌತೆ ಹಾಕುತ್ತಿದ್ದ. ಸುತ್ತಲೂ ನೀರು, ನಡುವೆ ಮರಳು. ರಸ್ತೆ ಬರಲಾರದು, ಲಾರಿ ಬರಲಾರದು, ಕೃಷಿ ಸಹಾಯಕನೂ ಸುಲಭಕ್ಕೆ ಬರಲಾರ. ಯುಗಾದಿಗೆ ಒಂದು ತಿಂಗಳಿರುವಾಗ ಹರಗೋಲಿನಲ್ಲಿ ಕುಳಿತು ಹೋದೆ. ಈಜು ಬಾರದು. ಹರಗೋಲು ಒಂದು ಸುತ್ತು ತಿರುಗಿದರೆ ನನ್ನ ತಲೆ ಎರಡು ಸುತ್ತು ತಿರುಗುತ್ತಿತ್ತು.

ನಡುಗಡ್ಡೆಯ ಎತ್ತರದ ಮಗ್ಗುಲಲ್ಲಿ, ಪ್ರವಾಹ ಬಿಟ್ಟುಹೋದ ರೇವೆ ಮಣ್ಣಿನ ಮೇಲೆ, ಅವು ನಿಂತಿದ್ದವು. ಇಪ್ಪತ್ತೋ ಮೂವತ್ತೋ. ಬೆಳ್ಳಗೆ ಹೂ ಬಿಟ್ಟಿದ್ದವು. ಕರವಸ್ತ್ರ ಸುತ್ತದೆ ಒಂದು ಗಿಡವನ್ನೂ ಮುಟ್ಟಿರದ ನಾನು ಆವತ್ತು ಬರಿಗೈಯಿಂದ ಎಲ್ಲವನ್ನೂ ಕಿತ್ತೆ. ಸಿಟ್ಟು ಬಂದಿತ್ತು. ತೊಡೆಯ ಮೇಲೆ ಬಡಿದು ಬಡಿದು ಹೊಳೆಗೆ ಒಗೆದೆ. ಕೊನೆಯದು ತೇಲಿಹೋಗುವುದನ್ನು ನೋಡುತ್ತ ನಿಂತಾಗ ಹೊಳೆ ಕೆಳಗಿನ ಊರುಗಳ ನೆನಪಾಯಿತು. ವಾಪಸು ಬರುವಾಗ ಹರಗೋಲಿನಲ್ಲಿ ಕುಳಿತು ಆ ಊರುಗಳ ಹೆಸರನ್ನು ಒಂದೊಂದಾಗಿ ನೆನೆಸಿಕೊಂಡೆ. ಮುಳುಗುವ ಭಯ ಅಷ್ಟು ಹೊತ್ತು ಮರೆತೇಹೋಯಿತು.

ಶಿಗ್ಲಿಗೆ ಬಂದಾಗ ಚಾಚಾ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದರು.

“ಕಸ ಐತೇನ್ರಿ ಅಲ್ಲಿ?”

“ಇಲ್ಲ ಚಾಚಾ.”

“ಒಂದೂ?”

“ಒಂದೂ ಇಲ್ಲ.”

ಆ ಹೊತ್ತಿಗೆ ಅದು ನಿಜವೇ ಆಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಕಿತ್ತಿದ್ದೆನಲ್ಲ! ಇನ್ನೊಂದು ಊರಿನ ಹೆಸರಿಗೆ ಗೀಟು ಹಾಕಿದ್ದೇನೆಂದು ಆ ಮುಖಕ್ಕೆ ಹೇಳಲು ನನ್ನಿಂದಾಗಲಿಲ್ಲ. ಆದರೆ ಆ ಒಂದು ಮಾತಿನ ಮೇಲೆ ಚಾಚಾ ಎಂದೂ ಮಾಡದ ಕೆಲಸ ಮಾಡಿದರು. ಯುಗಾದಿಯ ದಿನ ಹೊಲವನ್ನು ಮಗ್ಗುಲ ಹೊಲದವನಿಗೆ ಪಾಲಿಗೆ ಕೊಟ್ಟರು. ನಮ್ಮ ಕಡೆ ಯುಗಾದಿಗೆ ಪಾಲಿಗೆ ಕೊಟ್ಟರೆ ಮುಂದಿನ ಯುಗಾದಿಯವರೆಗೆ ಅದು ಅವನ ಕೈಯಲ್ಲೇ. ಒಂದು ವರ್ಷ ಆ ನಡುಗಡ್ಡೆಯಲ್ಲಿದ್ದು ಪೂರಾ ಮಾಯ್ದು ಬಂದು, ಆಮೇಲೆ ಕಡೆಯತನಕ ತಮ್ಮ ಹೊಲ ತಾವೇ ಮಾಡುವುದು ಅವರ ಲೆಕ್ಕಾಚಾರ.

ಮಳೆಗಾಲದಲ್ಲಿ ನಡುಗಡ್ಡೆ ನೀರೊಳಗೆ ಹೋಗುತ್ತದೆ ಎಂಬುದನ್ನು ನಾನು ವಿಚಾರ ಮಾಡಿರಲಿಲ್ಲ. ಜೀವಮಾನವೆಲ್ಲ ಆಗದಿದ್ದಕ್ಕೆ ಚಿಂತೆ ಮಾಡಿ, ಆಗುವುದೊಂದನ್ನು ಬಿಟ್ಟಿದ್ದೆ. ಹೊಳೆ ಏರಿದಾಗ ಚಾಚಾ ನಡುಗಡ್ಡೆ ಬಿಟ್ಟು ದಂಡೆಯ ಊರಿಗೆ ಬಂದರು. ದಂಡೆಯ ಮೇಲೆ, ಹೊಳೆ ತಂದ ಹೊಸ ಮಣ್ಣಿನಲ್ಲಿ, ಕಸ ಇತ್ತು. ಪರರ ಊರಿನಲ್ಲಿ, ಪರರ ಮನೆಯ ಒಳಕೋಣೆಯಲ್ಲಿ ಕದ ಹಾಕಿಕೊಂಡು ಎರಡು ತಿಂಗಳು ಕುಳಿತಿದ್ದರಂತೆ. ಸೀಗಿ ಹುಣ್ಣಿಮೆಗೆ ತಿರುಗಿ ಬಂದರು. ಚರಗ ಚೆಲ್ಲಲಿಕ್ಕೆ ನೀವೂ ಬರಬೇಕು ಎಂದು ನನಗೆ ಹೇಳಿ ಕಳಿಸಿದರು.

ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಎಲ್ಲರೂ ಅಡಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ತಾವು ಉಣ್ಣುವ ಮೊದಲು ಬೆಳೆಗೆ ಉಣಿಸಬೇಕು. ಕಡುಬು, ಪಲ್ಯ, ಅನ್ನದ ಬಾನ ಕಲಸಿದ ಚರಗವನ್ನು ಹೊಲದ ತುಂಬ ಚೆಲ್ಲುತ್ತ, “ಹುಲಿಗ್ಯೋ, ಹುಲಿಗ್ಯೋ” ಎಂದು ಕೂಗುತ್ತ ತಿರುಗುತ್ತಾರೆ. ಚಾಚಾನ ಮನೆಯವರೂ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದರು. ಹೊಲ ಪಾಲಿಗಿದ್ದರೂ ಚರಗ ಮಾತ್ರ ಯಜಮಾನನ ಕೈಯದು. ನಾನು ಹೋದಾಗ ಅವರು ಚಕ್ಕಡಿ ಹಾದಿಯ ಮೇಲೆ ನಿಂತಿದ್ದರು. ಮುಖಕ್ಕೆ ಒದ್ದೆ ಟವೆಲ್ಲು ಸುತ್ತಿಕೊಂಡಿದ್ದರು, ಊದಿದ ಕಣ್ಣಿನ ಎರಡು ಗೆರೆ ಮಾತ್ರ ಕಾಣುತ್ತಿತ್ತು. ಹೊಲದಲ್ಲಿ ಬೆಳೆಯ ನಡುನಡುವೆ ಬಿಳಿ ಹೂ. ಬದು ಇದ್ದಲ್ಲಂತೂ ಹಸಿರೇ ಇಲ್ಲ, ಬರೀ ಬಿಳಿ. ಪಾಲಿಗೆ ಮಾಡಿದವನಿಗೆ ತನ್ನ ಹೊಲದ ಕಸವೇ ಸಾಕಾಗಿತ್ತು. ಚಾಚಾ ಎರಡು ಸಲ ಹೆಜ್ಜೆ ಎತ್ತಿದರು. ಗಾಳಿ ಬಂತು. ಹಿಂದೆ ಸರಿದರು. ಕೊನೆಗೆ ಚರಗದ ಬುಟ್ಟಿಯನ್ನು ಚಾಚಿಯ ತಲೆಯ ಮೇಲೆ ಇಟ್ಟರು.

“ಅಲ್ಲೆ ಮೂಲ್ಯಾಗ ಕಡಿಮಿ ಚೆಲ್ಲತಿ ನೀ ಯಾವಾಗ್ಲೂ” ಎಂದು ಹಿಂದಿನಿಂದ ಕೂಗಿದರು.

“ನೀವ ಬಂದು ಚೆಲ್ರಿ ಹಂಗಾದ್ರ” ಎಂದು ಬಾಯಿಗೆ ಬಂದದ್ದನ್ನು ಚಾಚಿ ಅಂದೇಬಿಟ್ಟರು. ಅಂದ ಮೇಲೆ ಅಲ್ಲಿಯೇ ನಿಂತರು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು.

ನಾವಿಬ್ಬರೂ ಹಾದಿಯ ಮೇಲೆ ಉಳಿದೆವು. ಚಾಚಾ ಟವೆಲ್ಲಿನ ಒಳಗಿನಿಂದ ಕೇಳಿದರು:

“ನಡುಗಡ್ಡಿಯಾಗ ಅವತ್ತ ಎಷ್ಟಿದ್ದವ್ರಿ ರಾಯರ?”

ನಾನು ಚಾಚಿ ಹೋದ ಕಡೆ ನೋಡಿದೆ.

“ನಮ್ಮಾಕಿ ತಮ್ಮ ದಂಡಿಮ್ಯಾಲ ನಿಂತು ನೋಡ್ಯಾನ. ಮನ್ನೆ ಹೇಳಿದ. ಎಷ್ಟಿದ್ದವು?”

“ಇಪ್ಪತ್ತ… ಮೂವತ್ತಿರಬೇಕು.”

“ಎಲ್ಲಾ ಕಿತ್ತಿದ್ರಿ?”

“ಎಲ್ಲಾ.”

“ಕಿತ್ತು ಎಲ್ಲಿ ಒಗದ್ರಿ?”

“ಹೊಳಿಯಾಗ.”

ಅವರು ನಗಲು ಶುರುಮಾಡಿದರು. ಟವೆಲ್ಲು ಅಲುಗಾಡಿತು. ನಗುತ್ತ ನಗುತ್ತ ಕೆಮ್ಮು ಬಂತು, ಬಾತ ಕಣ್ಣಿನಿಂದ ನೀರು ಇಳಿಯಿತು, ಒರೆಸಿದರೆ ಉರಿಯುತ್ತದೆಂದು ಹಾಗೆಯೇ ಬಿಟ್ಟರು. “ಹುಚ್ಚ ಇದ್ದೀರಿ ರಾಯರ” ಅಂದರು. ಇಷ್ಟು ವರ್ಷದಲ್ಲಿ ಅವರಿಂದ ನನಗೆ ಸಿಕ್ಕ ಬೈಗುಳ ಅದೊಂದೇ. “ಖರೆ ಹೇಳಿದ್ರ ಹೊಲಾ ಬಿಡತಿದ್ದಿಲ್ಲ ನಾ. ಮೈ ಸುಲದ್ರೂ ಇಲ್ಲೇ ಸುಲೀತಿತ್ತು.”

ಹೊಲದ ಆ ತುದಿಯಿಂದ ಚಾಚಿಯ ಕೂಗು ಕೇಳುತ್ತಿತ್ತು. ಹುಲಿಗ್ಯೋ, ಹುಲಿಗ್ಯೋ. ನಾನು ಚಪ್ಪಲಿಯ ಮೂಗು ನೋಡುತ್ತ ನಿಂತಿದ್ದೆ.

ಮುಂದಿನ ಯುಗಾದಿಗೆ ಹೊಲ ಮತ್ತೆ ಪಾಲಿಗೆ ಹೋಯಿತು, ಅದರ ಮುಂದಿನದಕ್ಕೂ. ಚಾಚಾ ಚಾಚಿ ಬೆಟಗೇರಿಯ ಮಗಳ ಮನೆಗೆ ಬಂದರು. ನಮ್ಮ ಮನೆಯಿಂದ ಎರಡು ಓಣಿ ಆಚೆ. ಮಗ್ಗದ ಹಿಂದಿನ ಸಣ್ಣ ಕೋಣೆಯಲ್ಲಿ ಶ್ರಾವಣದಿಂದ ದೀಪಾವಳಿಯವರೆಗೆ ಕಿಟಕಿ ತೆರೆಯುವಂತಿರಲಿಲ್ಲ, ಗೋಡೆಯ ಆಚೆಗಿನ ಬಯಲಿನಲ್ಲಿ ಅದೇ ಕಸ. ನಾನು ರವಿವಾರಗಳಲ್ಲಿ ಹೋಗುತ್ತಿದ್ದೆ. ನೌಕರಿ ಇನ್ನೂ ಅದೇ ಕಡೆ ಇತ್ತು, ವಾರಕ್ಕೊಮ್ಮೆ ಅವರ ಹೊಲದ ಮುಂದೆ ಸೈಕಲ್ ಹಾಯುತ್ತಿತ್ತು. ಚಾಚಿ ಚಹಾ ತಂದಿಡುವ ಮೊದಲೇ ಚಾಚಾ ಹಾಸಿಗೆಯ ಮೇಲೆ ಎದ್ದು ಕೂಡುತ್ತಿದ್ದರು.

“ಕುಂಡ್ರಿ ರಾಯರ. ನಮ್ಮ ಹೊಲ ಹೆಂಗೈತಿ ಹೇಳ್ರಿ. ಬೆಳಿ ಅಷ್ಟ ಹೇಳ್ರಿ, ಕಸದ ಮಾತು ಬ್ಯಾಡ.”

ನಾನು ಬೆಳೆಯನ್ನಷ್ಟೇ ಹೇಳುತ್ತಿದ್ದೆ. ಚಹಾ ಆರುವ ಮೊದಲೇ ಬೆಳೆಯ ಮಾತು ಮುಗಿದುಹೋಗುತ್ತಿತ್ತು.